ಕೆಸರಿಗಿಳಿಯದೆ ನಕ್ಷೆಯಿಲ್ಲ

ಮುಂಬೈಯ ಬೊರಿವಲಿಯಿಂದ ರಿಕ್ಷಾ ಹತ್ತಿದರೆ ಗೊರಾಯಿ ಖಾಡಿಯ ದಡ ಮುಟ್ಟಬಹುದು. ಆದರೆ ಅಲ್ಲಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಒಂದು ಫರ್ಲಾಂಗು ನಡೆಯುವುದೂ ಸುಲಭವಲ್ಲ. ಮೊಣಕಾಲುದ್ದ ಕೆಸರು, ನೆಲದಿಂದ ಮೊಳೆಗಳಂತೆ ಮೇಲೆದ್ದ ಉಸಿರುಬೇರುಗಳು, ಸುತ್ತಿ ಬಳಸುವ ನೀರಕಾಲುವೆಗಳು. ಕೋಟಿಗಟ್ಟಲೆ ಜನರ ಮುಂಬೈಯಲ್ಲಿ ನಕ್ಷೆಗಾರರಿಗೆ ತೀರಾ ದುರ್ಗಮವಾದ ನೆಲ ಇದೇ.

ಈ ನೆಲಕ್ಕೆ ನಕ್ಷೆ ಏಕೆ ಬೇಕು? 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದು ನಗರ ಮುಳುಗಿತು; ನೀರಿನ ಹೊಡೆತ ತಡೆಯುವ ಕಾಂಡ್ಲಾ ಅಳಿದದ್ದೂ ಇದಕ್ಕೊಂದು ಕಾರಣವೆಂಬ ಮಾತು ಎದ್ದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್, ಬಾಂಬೆ ಎನ್ವಿರಾನ್‌ಮೆಂಟಲ್ ಆಕ್ಷನ್ ಗ್ರೂಪ್‌ನ ಅರ್ಜಿಯ ಮೇಲೆ ಕಾಂಡ್ಲಾ ನಾಶಕ್ಕೆ ತಡೆ ಹಾಕಿತು. ಕಾಡಿನ ಸುತ್ತ 50 ಮೀಟರ್‌ವರೆಗೆ ಕಟ್ಟಡ ಕೂಡದೆಂದು ಹೇಳಿ, ಉಪಗ್ರಹ ಚಿತ್ರಗಳ ನೆರವಿನಿಂದ ಕಾಂಡ್ಲಾ ಕಾಡನ್ನು ಗುರುತಿಸಲು ಆದೇಶಿಸಿತು. ಅಂದಿನಿಂದ ನಕ್ಷೆಯ ಗೆರೆಯೇ ಕಾಡಿನ ಬೇಲಿ.

ಈ ಗೆರೆ ಎಳೆಯುವುದು ನಾಜೂಕಿನ ಕೆಲಸ. ಇಂದು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ಸೆಂಟಿನೆಲ್-2 ಚಿತ್ರದಲ್ಲಿ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, ಅಷ್ಟೇ ಅಗಲ. 50 ಮೀಟರ್ ರಕ್ಷಣಾ ಪಟ್ಟಿಗೆ ಬರುವುದು ಐದೇ ಪಿಕ್ಸೆಲ್. ಒಂದು ತಪ್ಪಿದರೆ ಪಟ್ಟಿಯ ಐದನೇ ಒಂದು ಪಾಲು ಹೋಯಿತು. ಉಬ್ಬರದ ಹೊತ್ತಿನಲ್ಲಿ ತೆಗೆದ ಚಿತ್ರದಲ್ಲಿ ಎಳೆಯ ಗಿಡಗಳು ನೀರಾಗಿ ಕಾಣುತ್ತವೆ. ದಡದ ಜಾಲಿಪೊದೆಗಳು ಕಾಂಡ್ಲಾ ಎಂದು ನಂಬಿಸುತ್ತವೆ. ಮಳೆಗಾಲದಲ್ಲಂತೂ ಮೋಡ ಬಿಟ್ಟರೆ ಬೇರೇನೂ ಕಾಣದು.

ಆದ್ದರಿಂದ ನೆಲಕ್ಕಿಳಿದು ತಾಳೆ ನೋಡಲೇಬೇಕು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಮುಂಬೈಯ ಉಬ್ಬರ ನಾಲ್ಕೂವರೆ ಮೀಟರ್ ದಾಟುವುದುಂಟು. ಹಾಗಾಗಿ ಇಳಿತದ ವೇಳಾಪಟ್ಟಿ ನೋಡಿಕೊಂಡು ಒಳಹೊಕ್ಕು, ನೀರೇರುವ ಮೊದಲೇ ಹಿಂದಿರುಗಬೇಕು. ದಟ್ಟ ಎಲೆಗಳಡಿ ಜಿಪಿಎಸ್ ಹಲವು ಮೀಟರ್ ಆಚೀಚೆ ತೋರಿಸುತ್ತದೆ; ಒಂದೇ ಜಾಗದಲ್ಲಿ ನಿಂತು ಹಲವು ಸಲ ದಾಖಲಿಸಿ ಸರಾಸರಿ ತೆಗೆಯಬೇಕು. ಅಕ್ಷಾಂಶ, ರೇಖಾಂಶದ ಜತೆಗೆ ಗಿಡದ ಜಾತಿ, ಎತ್ತರ, ದಿನಾಂಕ, ಫೋಟೊ ಎಲ್ಲವೂ ಬೇಕು.

ಅಲ್ಲಿ ಯಾವ ಉಪಕರಣಕ್ಕಿಂತಲೂ ಹೆಚ್ಚು ನೆರವಾಗುವವರು ಕೋಳಿ ಸಮುದಾಯದ ಮೀನುಗಾರರು. ಯಾವ ಕಾಲುವೆ ಹೂಳು ತುಂಬಿತು, ಎಲ್ಲಿ ಮಣ್ಣು ಸುರಿದು ನೀರಿನ ದಾರಿ ಕಟ್ಟಿದರು ಎಂಬುದು ಅವರಿಗೆ ಗೊತ್ತು. ನೀರಿನ ಹರಿವು ಕಡಿದುಹೋದ ಕಾಂಡ್ಲಾ ಮೊದಲು ಒಣಗುತ್ತದೆ, ಆಮೇಲೆ ನಕ್ಷೆಯಿಂದಲೂ ಮಾಯವಾಗುತ್ತದೆ.

ನಮ್ಮ ಉತ್ತರ ಕನ್ನಡದ ಅಘನಾಶಿನಿ, ಕಾಳಿ ನದಿಗಳ ಅಳಿವೆಗಳಲ್ಲೂ ಇದೇ ಕಾಂಡ್ಲಾ ಇದೆ. ಸೆಂಟಿನೆಲ್-2ರಂಥ ಉಪಗ್ರಹ ಚಿತ್ರಗಳಿಗೆ ಈಗ ಕಾಸು ಬೇಕಿಲ್ಲ. ಕರಾವಳಿಯ ಕಾಲೇಜುಗಳು ಮೀನುಗಾರರನ್ನು ಜತೆಗೆ ಕರೆದುಕೊಂಡು ತಮ್ಮೂರ ಕಾಡನ್ನು ಇಂದೇ ದಾಖಲಿಸಲಿ. ಇತ್ತೆಂದು ತೋರಿಸಲಾಗದ ಕಾಡನ್ನು ಯಾವ ನ್ಯಾಯಾಲಯವೂ ಉಳಿಸಿಕೊಡಲಾರದು.