ಊಟವಾಯಿತೇ ಎಂಬಲ್ಲಿಂದ ಮುಂದೆ

ಹಾಲಿನ ಬೂತಿನ ಮುಂದೆಯೋ ಲಿಫ್ಟಿನ ಬಳಿಯೋ ಪರಿಚಿತರು ಎದುರಾದರೆ ನಾವು ‘ಊಟ ಆಯ್ತಾ?’ ಎನ್ನುತ್ತೇವೆ. ಕೇಳಿದವರಿಗೆ ಎದುರಿನವರ ಹೊಟ್ಟೆಯ ಲೆಕ್ಕ ಬೇಕಿಲ್ಲ. ಉತ್ತರಿಸುವವರೂ ಅದನ್ನು ಒಪ್ಪಿಸಲು ಹೊರಟವರಲ್ಲ. ಇಂಥ ಮಾತಿನ ಕೆಲಸ ಸುದ್ದಿ ಮುಟ್ಟಿಸುವುದಲ್ಲ, ನಂಟು ಬೆಸೆಯುವುದು ಎಂದು ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ 1923ರಲ್ಲಿ ಬರೆದ. ನಮ್ಮ ಅಜ್ಜಿಯರಿಗೆ ಅದು ಯಾರೂ ಹೇಳದೆಯೇ ಗೊತ್ತಿತ್ತು, ಆ ಮಾತು ಬೇರೆ. ತೊಂದರೆಯಿರುವುದು ಈ ಪ್ರಶ್ನೆಯಲ್ಲಲ್ಲ. ಇದರಾಚೆಗೆ ಮಾತು ಸಾಗದಿರುವುದರಲ್ಲಿ.

ಮಾತುಗಾರಿಕೆಯೆಂದರೆ ಸೊಗಸಾಗಿ ಮಾತನಾಡುವುದು ಎಂದು ನಾವು ತಿಳಿದಿದ್ದೇವೆ. ಆದರೆ ವೇದಿಕೆಯಲ್ಲಿ ಮೆರೆದವರು ಮನೆಯ ಪಡಸಾಲೆಯಲ್ಲಿ ಸೋಲುವುದುಂಟು. ಸಂಭಾಷಣೆಯಲ್ಲಿ ನಾಲಗೆಗಿಂತ ಕಿವಿಯ ಪಾಲು ದೊಡ್ಡದು. ಹತ್ತು ಭಾಷೆಗಳ ಮಾತುಕತೆಯನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಒಬ್ಬರ ಪ್ರಶ್ನೆಗೂ ಇನ್ನೊಬ್ಬರ ಉತ್ತರಕ್ಕೂ ನಡುವಣ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗ. ಒಂದು ಪದವನ್ನು ಮನಸ್ಸಿನಲ್ಲಿ ಹುಡುಕಿ ನಾಲಗೆಗೆ ತರಲೇ ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕು. ಅಂದರೆ, ಎದುರಿನವರು ಇನ್ನೂ ಮಾತನಾಡುತ್ತಿರುವಾಗಲೇ ನಾವು ಉತ್ತರ ಕಟ್ಟತೊಡಗಿರುತ್ತೇವೆ. ಕನ್ನಡದಲ್ಲಂತೂ ಕ್ರಿಯಾಪದವೂ ‘ಇಲ್ಲ’ ಎಂಬ ನಿಷೇಧವೂ ವಾಕ್ಯದ ಬಾಲದಲ್ಲಿರುತ್ತವೆ. ನಡುವೆ ಬಾಯಿ ಹಾಕಿದವರಿಗೆ, ಮಗ ಹಬ್ಬಕ್ಕೆ ಬಂದನೆಂದು ಹೇಳಹೊರಟರೋ ಬರಲಿಲ್ಲವೆಂದೋ ತಿಳಿಯುವುದೇ ಇಲ್ಲ.

ಇನ್ನೊಂದು ನಮ್ಮ ಸಲಹೆಯ ಚಪಲ. ನಿವೃತ್ತರೊಬ್ಬರು ‘ಈಚೆಗೆ ನಾಲ್ಕಕ್ಕೇ ಎಚ್ಚರವಾಗಿಬಿಡುತ್ತದೆ’ ಎನ್ನುತ್ತಾರೆ ಎಂದುಕೊಳ್ಳಿ. ‘ವಾಕಿಂಗ್ ಮಾಡಿ ಸಾರ್, ಸರಿಹೋಗುತ್ತದೆ’ ಎಂದರೆ ಅಲ್ಲಿಗೆ ಮುಗಿಯಿತು. ‘ನನಗೂ ಅಷ್ಟೇ, ಮೂರಕ್ಕೇ ಎಚ್ಚರ’ ಎಂದರೆ ಮಾತು ನಮ್ಮ ಹಾಸಿಗೆಗೆ ಹೊರಳುತ್ತದೆ. ‘ಎದ್ದು ಏನು ಮಾಡುತ್ತೀರಿ?’ ಎಂದು ಕೇಳಿದರೆ, ಆ ಹೊತ್ತಿಗೆ ಕಾಫಿ ಬೆರೆಸಿಕೊಡುತ್ತಿದ್ದವರು ಈಗಿಲ್ಲ ಎಂಬ ಸಂಗತಿ ತಡೆತಡೆದು ಹೊರಗೆ ಬಂದೀತು. ಅವರು ಹೇಳಬೇಕೆಂದಿದ್ದುದು ಅದನ್ನೇ.

ಎದುರಿನವರ ಮಾತಿನ ಕೊನೆಯ ಎಳೆಯನ್ನೇ ಹಿಡಿದು ಕೇಳುವ ಇಂಥ ಪ್ರಶ್ನೆಗೆ ವಿಶೇಷ ಬಲವಿದೆ. ಹೀಗೆ ಕೇಳುವವರನ್ನು ಜನ ಹೆಚ್ಚು ಮೆಚ್ಚುತ್ತಾರೆಂದು ಹಾರ್ವರ್ಡ್‌ನ ಸಂಶೋಧಕರು 2017ರಲ್ಲಿ ತೋರಿಸಿದರು. ಹಾಗೆಂದು ಎಲ್ಲ ಪ್ರಶ್ನೆಯೂ ಒಂದೇ ಅಲ್ಲ. ಸಂಬಳ ಎಷ್ಟು, ಮದುವೆ ಯಾವಾಗ, ಇನ್ನೂ ಮಕ್ಕಳಾಗಲಿಲ್ಲವೇ ಎಂಬ ಸರಣಿ ಮಾತುಕತೆಯಲ್ಲ, ಪಾಟೀಸವಾಲು. ಇದರಲ್ಲಿ ನಮ್ಮ ಬಂಧುವರ್ಗದ ಪ್ರಾವೀಣ್ಯ ಅಸಾಧಾರಣವಾದುದು.

ಸಂಕೋಚ ಸ್ವಭಾವದವರಿಗೆ ಒಂದು ಸಮಾಧಾನವಿದೆ. ಹೊಸಬರೊಡನೆ ಮಾತನಾಡಿ ಬಂದ ಮೇಲೆ, ಅವರು ತಮ್ಮನ್ನು ಎಷ್ಟು ಇಷ್ಟಪಟ್ಟರೆಂಬುದನ್ನು ಜನ ಸಾಮಾನ್ಯವಾಗಿ ಕಡಿಮೆಯೆಂದೇ ಅಂದಾಜಿಸುತ್ತಾರೆ ಎಂಬುದು 2018ರ ಅಧ್ಯಯನವೊಂದರ ತೀರ್ಮಾನ. ಷಿಕಾಗೊದ ರೈಲು ಪ್ರಯಾಣಿಕರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ, ಅಪರಿಚಿತರನ್ನು ಮಾತನಾಡಿಸಿದವರ ಪ್ರಯಾಣ ಸುಮ್ಮನೆ ಕುಳಿತವರದಕ್ಕಿಂತ ಹಿತವಾಗಿತ್ತು. ಆದರೆ ನಮ್ಮ ಮೆಟ್ರೊದಲ್ಲಿ ಒಂಟಿಯಾಗಿ ಕುಳಿತ ಹೆಣ್ಣುಮಗಳಿಗೆ ಪಕ್ಕದ ಗಂಡಸಿನ ಮಾತು ಹಿತವೇ ಆಗುತ್ತದೆಂದು ಯಾರೂ ಇದರಿಂದ ಭಾವಿಸಬೇಕಾಗಿಲ್ಲ. ಎದುರಿನವರ ಒಂದಕ್ಷರದ ಉತ್ತರವೂ ಉತ್ತರವೇ.

ಅಪರಿಚಿತರ ಮಾತು ಹಾಗಿರಲಿ, ಹೆಚ್ಚು ಅಭ್ಯಾಸ ಬೇಕಿರುವುದು ಆಪ್ತರೊಡನೆ. ನಗರದಲ್ಲಿರುವ ಮಕ್ಕಳು ಊರಿಗೆ ಮಾಡುವ ಭಾನುವಾರದ ಫೋನು ಊಟ, ಮಳೆ, ಮಾತ್ರೆ ಎಂಬ ಮೂರು ಪ್ರಶ್ನೆಗಳಲ್ಲಿ ಮುಗಿದುಹೋಗುತ್ತದೆ. ಮೂರಕ್ಕೂ ಅಮ್ಮನ ಉತ್ತರ ‘ಹ್ಞೂಂ’. ಮಳೆ ಬಂತು ಎಂದಾಗ, ಹಿಂದಿನ ಮಳೆಗಾಲದಲ್ಲಿ ಸೋರುತ್ತಿದ್ದ ಅಡುಗೆಮನೆ ಈಗ ಹೇಗಿದೆ ಎಂದು ಕೇಳಿ, ಅವರು ನೆನಪಿಸಿಕೊಳ್ಳುವ ತನಕ ಸುಮ್ಮನಿದ್ದು ನೋಡಬೇಕು. ಹೆಂಚಿನ ಕಥೆ, ಹೆಂಚು ಹೊದಿಸಲು ಬಂದವನ ಕಥೆ, ಅವನ ಮಗಳ ಮದುವೆಯ ಕಥೆ ಎಲ್ಲ ಆದ ಮೇಲೆ, ರಕ್ತದೊತ್ತಡದ ಮಾತ್ರೆ ಮುಗಿದು ಹತ್ತು ದಿನವಾಯಿತೆಂಬ ಸುದ್ದಿಯೂ ಬಂದೀತು.