ನೀರು ಕುಡಿದ ಎಂಜಿನ್

2024ರ ಏಪ್ರಿಲ್ 16ರಂದು ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಸುರಿದದ್ದು, ಅಲ್ಲಿ 1949ರಲ್ಲಿ ಮಳೆಯ ದಾಖಲೆ ಆರಂಭವಾದ ಮೇಲೆ ಬಿದ್ದ ಅತಿ ದೊಡ್ಡ ಮಳೆ. ಅಬುಧಾಬಿ ಎಮಿರೇಟಿನ ಅಲ್ ಐನ್ ಸಮೀಪದ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನ ತುಂಬುವುದರೊಳಗೆ 254 ಮಿ.ಮೀ. ನೀರು ಬಿದ್ದರೆ, ವರ್ಷಕ್ಕೆ ಸರಾಸರಿ 100 ಮಿ.ಮೀ. ಮಳೆಯನ್ನೂ ಕಾಣದ ದುಬೈಯಲ್ಲಿ ಮುಖ್ಯ ಹೆದ್ದಾರಿಯಾದ ಶೇಖ್ ಝಾಯೆದ್ ರಸ್ತೆಯೇ ಮುಳುಗಿ, ಲೆಕ್ಕವಿಲ್ಲದಷ್ಟು ಕಾರುಗಳು ತಮ್ಮ ಒಡೆಯರನ್ನು ಅಕ್ಷರಶಃ ನಡುನೀರಿನಲ್ಲಿ ಕೈಬಿಟ್ಟವು.

ಹೀಗೆ ನಿಂತ ಕಾರುಗಳಿಗೆಲ್ಲ ತಗುಲಿದ್ದು ಒಂದೇ ರೋಗವಲ್ಲ. ಸೆನ್ಸರ್ ಅಥವಾ ವೈರಿಂಗ್ ಕನೆಕ್ಟರಿಗೆ ನೀರು ಹೊಕ್ಕರೂ, ನೆನೆದ ಏರ್ ಫಿಲ್ಟರ್ ಗಾಳಿಯನ್ನು ತಡೆದರೂ ಎಂಜಿನ್ ಆರಿಹೋಗುತ್ತದೆ. ಇವು ಒಣಗಿಸಿ, ಬದಲಿಸಿ ಸರಿಪಡಿಸಬಹುದಾದ ದೋಷಗಳು. ಭಯಪಡಬೇಕಾದದ್ದು ಹೈಡ್ರೋಲಾಕ್, ಅಂದರೆ ಸಿಲಿಂಡರಿನೊಳಗೇ ನೀರು ಸೇರಿ ಪಿಸ್ಟನ್ನಿನ ಚಲನೆ ಕಟ್ಟಿಹೋಗುವ ಸ್ಥಿತಿ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಪಿಸ್ಟನ್ 500 ಮಿ.ಲೀ. ಜಾಗವನ್ನು ಕ್ರಮಿಸುವ, 10:1 ಸಂಕೋಚನ ಅನುಪಾತದ ಸಿಲಿಂಡರಿನಲ್ಲಿ ಪಿಸ್ಟನ್ ತುದಿಗೇರಿದಾಗ ಮೇಲೆ ಉಳಿಯುವ ಜಾಗ ಸುಮಾರು 55 ಮಿ.ಲೀ. ಮಾತ್ರವಾದ್ದರಿಂದ, ಅದಕ್ಕಿಂತ ತುಸು ಹೆಚ್ಚು ನೀರು ಹೊಕ್ಕರೂ ಪಿಸ್ಟನ್ ಮೇಲೇರಲಾರದೆ, ಅದನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಎಂಬ ಉಕ್ಕಿನ ತೋಳು ಬಾಗುತ್ತದೆ ಅಥವಾ ಮುರಿಯುತ್ತದೆ. ಗಾಳಿ ಎಳೆಯುವ ಬಾಯಿ ಬಹುತೇಕ ಕಾರುಗಳಲ್ಲಿ ಮುಂಭಾಗದಲ್ಲೇ ಇರುವುದರಿಂದ ನೀರಿನ ಆಳವೊಂದೇ ಅಪಾಯವಲ್ಲ. ವೇಗವಾಗಿ ನುಗ್ಗಿದಾಗ ಏಳುವ ಅಲೆಯೂ, ಪಕ್ಕದಲ್ಲಿ ಹಾದ ಲಾರಿ ಎಬ್ಬಿಸಿದ ಅಲೆಯೂ ಸಾಕು.

ಆದ್ದರಿಂದ ತಪಾಸಣೆಯ ಮೊದಲ ಪ್ರಶ್ನೆ ಗಾಡಿ ಸ್ಟಾರ್ಟ್ ಆಗುತ್ತದೆಯೇ ಎಂಬುದಲ್ಲ, ನೀರು ಎಲ್ಲಿಯವರೆಗೆ ಹೋಗಿದೆ ಎಂಬುದು. ತೀರ್ಮಾನವಾಗುವ ಮೊದಲೇ ಸೆಲ್ಫ್ ಹೊಡೆದರೆ, ಉಳಿದ ಸಿಲಿಂಡರುಗಳಲ್ಲಿ ಉರಿದ ಇಂಧನದ ಬಲವೆಲ್ಲ ನೀರಿರುವ ಸಿಲಿಂಡರಿನ ರಾಡಿನ ಮೇಲೆ ಬೀಳುತ್ತದೆ. ಅಲೆಯಿಂದ ಬದುಕಿ ಉಳಿದ ಎಂಜಿನ್ನೂ ಈ ಅವಸರಕ್ಕೆ ಬಲಿಯಾಗಬಹುದು. ರಿಕವರಿ ಗಾಡಿಯ ಮೇಲೇರಿ ದುಬೈಯ ಅಲ್ ಕೂಝ್ ಅಥವಾ ಅಬುಧಾಬಿಯ ಮುಸಫ್ಫಾದ ಗ್ಯಾರೇಜು ತಲುಪಿದ ಕಾರಿನಲ್ಲಿ ಮೊದಲು ಏರ್ ಫಿಲ್ಟರನ್ನೂ ಅದರಾಚೆಯ ಕೊಳವೆಯನ್ನೂ ಬಿಚ್ಚಿ ನೋಡಬೇಕು. ಅನಂತರ ಡಿಪ್‌ಸ್ಟಿಕ್ ಎಳೆದಾಗ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಅಡಿಗಿಳಿದಿದೆ ಎಂದರ್ಥ. ಫಿಲ್ಟರ್ ಒಣಗಿದ್ದರೆ ಗಮನ ವಿದ್ಯುತ್ ಭಾಗಗಳತ್ತ ಹರಿಯಬೇಕು. ಒದ್ದೆಯಾಗಿದ್ದರೆ ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಕಳಚಿ, ಇಂಧನದ ಪೂರೈಕೆ ನಿಲ್ಲಿಸಿ, ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಕೈಯಲ್ಲೇ ತಿರುಗಿಸಬೇಕು. ಅಡ್ಡಿಯಿಲ್ಲದೆ ತಿರುಗಿದರೆ ಮಾತ್ರ ಸೆಲ್ಫ್ ಹಾಕಿ, ಪ್ಲಗ್ಗಿನ ರಂಧ್ರಗಳಿಂದ ನೀರು ಚಿಮ್ಮಿ ಹೊರಬೀಳುವಂತೆ ಮಾಡಬಹುದು.

ನೀರು ಹೋದರೂ ಅನುಮಾನ ಹೋಗುವುದಿಲ್ಲ. ಕೊಂಚವೇ ಬಾಗಿದ ರಾಡಿನ ಎಂಜಿನ್ ಚೆನ್ನಾಗಿಯೇ ಓಡುತ್ತಿದ್ದು, ಮುಂದೊಂದು ದಿನ ಹೆದ್ದಾರಿಯಲ್ಲಿ ರಾಡ್ ಮುರಿದು ಎಂಜಿನ್ನಿನ ಬ್ಲಾಕನ್ನೇ ಒಡೆಯಬಹುದು. ಪ್ರತಿ ಸಿಲಿಂಡರಿನ ಒತ್ತಡವನ್ನು ಕಂಪ್ರೆಷನ್ ಗೇಜಿನಿಂದ ಅಳೆದಾಗ ಯಾವುದಾದರೊಂದು ತೀರ ಕಡಿಮೆ ತೋರಿದರೆ, ಅದು ಸವೆದ ಪಿಸ್ಟನ್ ರಿಂಗಿನ ತಪ್ಪೂ ಇರಬಹುದಾದ್ದರಿಂದ, ಪಿಸ್ಟನ್ ಏರುವ ಎತ್ತರವನ್ನೂ ಹೋಲಿಸಬೇಕು. ಬಾಗಿದ ರಾಡ್ ಗಿಡ್ಡವಾಗಿರುವುದರಿಂದ ಅದರ ಪಿಸ್ಟನ್ ಉಳಿದವಕ್ಕಿಂತ ಕೆಳಗೇ ನಿಲ್ಲುತ್ತದೆ.

ನಗರದ ರಸ್ತೆಯಲ್ಲಿ ಮಾತ್ರವಲ್ಲ, ಬೆಟ್ಟಗಳಲ್ಲೂ ಗಾಡಿಗಳು ನೀರಿಗಿಳಿಯುತ್ತವೆ. ಪ್ರವಾಹ ಬಂದ ವಾದಿಗೆ, ಅಂದರೆ ಬೆಟ್ಟದ ಒಣಹಳ್ಳಕ್ಕೆ, ಗಾಡಿ ಇಳಿಸಿದವರಿಗೆ 2023ರಲ್ಲಿ ಪ್ರಕಟವಾದ ನಿಯಮದಂತೆ 2,000 ದಿರ್ಹಮ್ ದಂಡ, ಲೈಸೆನ್ಸಿನ ಮೇಲೆ 23 ಬ್ಲ್ಯಾಕ್ ಪಾಯಿಂಟ್ ಮತ್ತು 60 ದಿನಗಳ ವಾಹನ ಜಪ್ತಿ ಇದೆ. ಹಾಗೆ ದಾಟಿದ ಫೋರ್‌ವೀಲ್ ಗಾಡಿಯ ಎಂಜಿನ್ ನಿಲ್ಲದಿದ್ದರೂ ತಪಾಸಣೆ ತಪ್ಪುವುದಿಲ್ಲ: ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಓಡಿ ಬಿಸಿಯಾಗಿ ತಣ್ಣೀರಿನಲ್ಲಿ ಮುಳುಗಿದಾಗ ಅದರೊಳಗಿನ ಗಾಳಿ ಕುಗ್ಗಿ ಬ್ರೀದರ್ ಕೊಳವೆಯಿಂದಲೋ ಸೀಲಿನ ಸಂದಿನಿಂದಲೋ ನೀರನ್ನು ಎಳೆದುಕೊಳ್ಳುವುದರಿಂದ, ಅಲ್ಲಿನ ಎಣ್ಣೆಯನ್ನೂ ಇಳಿಸಿ ನೋಡಬೇಕಾಗುತ್ತದೆ.