ಕೊಂದೋನ್ಗೆ ಎಂತ ಹಕ್ಕು?

'ಜನ ಕೊಂದೋನ್ಗೆ ಎಂತ ಮಾನವ ಹಕ್ಕು ಸಾರ್?' ನಮ್ಮ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಹತ್ತಿರ ಟೀ ಕುಡಿಯಲು ನಿಂತಾಗಲೆಲ್ಲ ಈ ಮಾತು ಕಿವಿಗೆ ಬೀಳುತ್ತದೆ. ಈಚೆಗೆ ಅದಕ್ಕೆ ಕಾನೂನಿನ ಒಗ್ಗರಣೆಯೂ ಬಿದ್ದಿದೆ: ಹಕ್ಕನ್ನು ದುರುಪಯೋಗ ಮಾಡಿಕೊಂಡವನ ಹಕ್ಕೆಲ್ಲ ರದ್ದು ಎಂದು ವಿಶ್ವಸಂಸ್ಥೆಯೇ ಬರೆದಿದೆಯಂತೆ.

ಬರೆದಿಲ್ಲ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕೊನೆಯ ವಿಧಿ, ಅಂದರೆ 30ನೆಯದು, ಹೇಳುವುದಿಷ್ಟು: ಇಲ್ಲಿನ ಹಕ್ಕನ್ನು ಮುಂದಿಟ್ಟುಕೊಂಡು ಇನ್ನೊಬ್ಬರ ಹಕ್ಕನ್ನು ಹಾಳುಗೆಡವಲು ಯಾರಿಗೂ ಅಧಿಕಾರವಿಲ್ಲ. ಆ 'ಯಾರಿಗೂ' ಪಟ್ಟಿಯಲ್ಲಿ ಮೊದಲು ಬರುವುದು ಸರ್ಕಾರ. ಆಮೇಲೆ ಗುಂಪು, ವ್ಯಕ್ತಿ.

ನಾಲೆಗೆ ಕದ್ದು ಪಂಪ್ ಇಟ್ಟವನ ಪಂಪ್ ಕಿತ್ತುಕೊಳ್ಳಿ, ದಂಡ ಹಾಕಿ. ಅವನ ಮನೆಯ ಕುಡಿಯುವ ನೀರಿನ ನಲ್ಲಿಗೂ ಬೀಗ ಹಾಕುತ್ತೀರಾ? 1957ರಲ್ಲಿ ಐರ್ಲೆಂಡ್ ಸರ್ಕಾರ ಹೊರಟದ್ದು ಅದಕ್ಕೇ. ನಿಷೇಧಿತ ಸಶಸ್ತ್ರ ಸಂಘಟನೆಯಾದ ಐಆರ್‌ಎಯವನೆಂದು ಲಾಲೆಸ್ ಎಂಬಾತನನ್ನು ವಿಚಾರಣೆಯಿಲ್ಲದೆ ತಿಂಗಳುಗಟ್ಟಲೆ ಕೂಡಿಹಾಕಿ, ಯುರೋಪಿನ ಮಾನವ ಹಕ್ಕುಗಳ ಒಪ್ಪಂದದಲ್ಲಿರುವ ಇಂಥದೇ ವಿಧಿಯನ್ನು ಹಿಡಿದು ಇಂಥವನಿಗೆ ಹಕ್ಕಿನ ರಕ್ಷಣೆಯೇ ಇಲ್ಲವೆಂದು ವಾದಿಸಿತು. 1961ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಲಾಲೆಸ್ ಮೊಕದ್ದಮೆ ಸೋತ, ನಿಜ. ಸೋಲಿಸಿದ್ದು ತುರ್ತು ಪರಿಸ್ಥಿತಿಗೆಂದೇ ಇರುವ ಬೇರೊಂದು ವಿಧಿ.

ಐರ್ಲೆಂಡ್ ದೂರವಾಯಿತೇ? ಮಾದಪ್ಪನ ಬೆಟ್ಟದ ಕಡೆ ಬನ್ನಿ. ಕಾಡುಗಳ್ಳ ವೀರಪ್ಪನ್ ಜನರನ್ನು ಕೊಂದದ್ದು ಸುಳ್ಳಲ್ಲ. ಅವನನ್ನು ಹಿಡಿಯುವ ಹೆಸರಿನಲ್ಲಿ ಕರ್ನಾಟಕ, ತಮಿಳುನಾಡಿನ ಕಾರ್ಯಪಡೆಯವರು ಕಾಡಂಚಿನ ಹಳ್ಳಿಗರನ್ನು ಹಿಂಸಿಸಿದರೆಂಬ ದೂರಿನ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯನ್ನು ನೇಮಿಸಿತು. 2007ರಲ್ಲಿ 89 ಮಂದಿ ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದಿತು. ಆ 89ರಲ್ಲಿ ವೀರಪ್ಪನ್ ಇರಲಿಲ್ಲ. 'ಕೊಂದೋನ್ಗೆ ಎಂತ ಹಕ್ಕು' ಎಂಬ ಮಾತಿನ ಏಟು ಬಿದ್ದದ್ದು ಕೊಲ್ಲದವರ ಬೆನ್ನಿಗೆ.

ಇದರ ಜೊತೆ ಕೇಳಿಬರುವ ಉಳಿದ ಮಾತುಗಳನ್ನು ಬೇಗ ಮುಗಿಸೋಣ. ಸರ್ಕಾರವನ್ನು ಬೈದರೆ ಅದು ಹಕ್ಕಿನ ದುರುಪಯೋಗವಲ್ಲ. ನಮ್ಮ ಸಂವಿಧಾನದ 19ನೇ ವಿಧಿ ಹಕ್ಕಿಗೆ 'ಸಮಂಜಸ ನಿರ್ಬಂಧ' ಹಾಕಲು ಬಿಡುತ್ತದೆ; ನಿರ್ಬಂಧ ಬೇರೆ, ರದ್ದು ಬೇರೆ. ಇನ್ನು, ಮಾನವ ಹಕ್ಕು ಕಳ್ಳರಿಗಾಗಿಯೇ ಇದೆ ಎನ್ನುವವರು ತಾವೊಮ್ಮೆ ಸುಳ್ಳು ಕೇಸಿನಲ್ಲಿ ಠಾಣೆ ಮೆಟ್ಟಿಲು ಹತ್ತುವವರೆಗೆ ಮಾತ್ರ ಹಾಗೆನ್ನುತ್ತಾರೆ.

ಹೊಸ ಭತ್ತದ ತಳಿ ಹಾಕುವ ಮುನ್ನ ಫಾರಂಗೆ ಬಂದು ಹತ್ತು ಪ್ರಶ್ನೆ ಕೇಳುವ ಜನ ನಾವು. ಎಷ್ಟು ದಿನದ ಬೆಳೆ, ರೋಗ ತಡೆಯುತ್ತಾ, ಇಳುವರಿ ಎಷ್ಟು, ಬೇರೆ ಯಾರು ಹಾಕಿದ್ದಾರೆ? ಯಾರೋ ಒಬ್ಬನನ್ನು ತೋರಿಸಿ 'ಕೊಂದೋನು ಇವ್ನೇ' ಎಂದರೆ ಮಾತ್ರ ಒಂದನ್ನೂ ಕೇಳುವುದಿಲ್ಲ.